ಲಂಚ ಕೇಳಿದರೆ ದೂರು ಕೊಡುವುದು ಹೇಗೆ?

ಮುಂಬೈಯಲ್ಲಿ ಹೋಟೆಲ್, ಅಂಗಡಿ ನಡೆಸುವ ನಮ್ಮವರು ಲೈಸೆನ್ಸಿಗೆಂದು ಕೈ ಬಿಸಿ ಮಾಡಿ, ತಿಂಗಳು ಕಳೆದ ಮೇಲೆ ಸಿಟ್ಟು ಬಂದು ದೂರು ಕೊಡಲು ಹೊರಡುತ್ತಾರೆ. ಅಷ್ಟು ಹೊತ್ತಿಗೆ ತಾವೇ ಸಿಕ್ಕಿಬೀಳುವ ಸ್ಥಿತಿ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಏಳು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಬಲವಂತಕ್ಕೆ ಕೊಟ್ಟವರಿಗೆ ವಿನಾಯಿತಿ ಇದೆ. ಆದರೆ ಕೊಟ್ಟ ಏಳು ದಿನದೊಳಗೆ ಪೊಲೀಸರಿಗೋ ಭ್ರಷ್ಟಾಚಾರ ನಿಗ್ರಹ ದಳಕ್ಕೋ (ಎಸಿಬಿ) ತಿಳಿಸಿರಲೇಬೇಕು.

ಹಾಗಾಗಿ ಮೊದಲ ಹೆಜ್ಜೆ: ಕೊಡಬೇಡಿ, ಜಗಳವನ್ನೂ ಆಡಬೇಡಿ. 'ದುಡ್ಡು ಹೊಂದಿಸ್ತೀನಿ' ಎಂದು ಎದ್ದು ಬನ್ನಿ.

ಎರಡನೆಯದು: ಎಸಿಬಿ ಸಹಾಯವಾಣಿ 1064ಕ್ಕೆ ಫೋನ್ ಮಾಡಿ, ಇಲ್ಲವೇ ವರ್ಲಿಯ ಎಸಿಬಿ ಕಚೇರಿಗೆ ಹೋಗಿ. ಏಜೆಂಟನನ್ನು ಕರೆದೊಯ್ಯಬೇಡಿ. ಸುದ್ದಿ ಅವನಿಂದಲೇ ಸಾಹೇಬರಿಗೆ ತಲುಪಬಹುದು.

ಮೂರನೆಯದು ದೂರು ಬರೆಯುವುದು. ಜಾಸ್ತಿ ಜನ ಎಡವುವುದು ಇಲ್ಲೇ. ಕೇಳಿದ್ದು, ಪಡೆದದ್ದು ಎರಡೂ ರುಜುವಾಗಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಬರೀ ನೋಟು ಸಿಕ್ಕರೆ ಸಾಲದು. 'ಲಂಚ ಕೇಳಿದರು' ಎಂದು ಒಂದೇ ಸಾಲು ಬರೆದರೆ ಏನು ಪ್ರಯೋಜನ? ಯಾವ ದಿನ, ಯಾವ ಮೇಜು, ಯಾವ ಕೆಲಸಕ್ಕೆ, ಎಷ್ಟು, ಎಲ್ಲಕ್ಕಿಂತ ಮುಖ್ಯವಾಗಿ ಅವರ ಬಾಯಿಂದ ಬಂದ ಮಾತು, ಮರಾಠಿಯಲ್ಲಿದ್ದರೆ ಮರಾಠಿಯಲ್ಲೇ ಬರೆಯಿರಿ. ಆಮೇಲೆ ಎಸಿಬಿಯವರು ಪಂಚರ (ಸ್ವತಂತ್ರ ಸಾಕ್ಷಿಗಳ) ಎದುರು, ರೆಕಾರ್ಡರ್ ಕೊಟ್ಟು ಬೇಡಿಕೆಯನ್ನು ಖಚಿತಪಡಿಸಿಕೊಳ್ಳುತ್ತಾರೆ. ಆಗ 'ಎಷ್ಟು ಕೊಡಲಿ ಸಾಹೇಬ್?' ಎಂದು ನೀವೇ ಶುರು ಮಾಡಿದರೆ ಆಸೆ ತೋರಿಸಿದ್ದು ನೀವೇ ಎಂದು ಆರೋಪಿಯ ವಕೀಲರು ವಾದಿಸುತ್ತಾರೆ. 'ಮಾಝ್ಯಾ ಫೈಲ್‌ಚಂ ಕಾಯ್ ಝಾಲಂ?' (ನನ್ನ ಫೈಲ್ ಏನಾಯಿತು?) ಎಂದಷ್ಟೇ ಕೇಳಿ ಸುಮ್ಮನಿರಿ. ಮೌನ ತಡೆಯಲಾಗದೆ ಅವರೇ ಬಾಯಿಬಿಡಲಿ.

ಅಂದಹಾಗೆ, ಫೋನಿನ ಕಾಲ್ ರೆಕಾರ್ಡರ್ ನಂಬಿ ಕೂರಬೇಡಿ. ಹಲವು ಆ್ಯಪ್‌ಗಳು 'ಈ ಕರೆ ರೆಕಾರ್ಡ್ ಆಗುತ್ತಿದೆ' ಎಂದು ಎದುರಿನವರಿಗೇ ಸಾರಿಬಿಡುತ್ತವೆ! ಮೊದಲೇ ರೆಕಾರ್ಡ್ ಮಾಡಿದ್ದರೆ ಕತ್ತರಿಸಬೇಡಿ, ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಮೂಲ ಫೋನನ್ನೇ ತೆಗೆದುಕೊಂಡು ಹೋಗಿ.

ಲಂಚ ಪಡೆಯುವಾಗಲೇ ಹಿಡಿಯಲು ಎಸಿಬಿಯವರು ಬಲೆ ಹಾಕುವ ದಿನ, ನೀವು ಒಯ್ಯುವ ನೋಟಿಗೆ ಪುಡಿ ಸವರಿರುತ್ತಾರೆ. ಫಿನಾಲ್ಫ್ಥಲೀನ್ ಪುಡಿಯಾದರೆ, ಮುಟ್ಟಿದ ಕೈಯನ್ನು ಸೋಡಾ ದ್ರಾವಣದಲ್ಲಿ ಅದ್ದಿದಾಗ ನೀರು ಗುಲಾಬಿಯಾಗುತ್ತದೆ. ಲಂಚ ಕೇಳಿದ ಅಧಿಕಾರಿ ತಾವಾಗಿ ಕೇಳುವವರೆಗೆ ಜೇಬಿಗೆ ಕೈ ಹಾಕಬೇಡಿ. ಕೈ ಕುಲುಕಲೂ ಬೇಡಿ, ಪುಡಿ ನಿಮ್ಮ ಕೈಯಿಂದ ಅಂಟಿದ್ದು ಎನ್ನುತ್ತಾರೆ.

ದೂರಿನ ಪ್ರತಿ ಜೋಪಾನವಾಗಿಡಿ. ಸಾಕ್ಷಿ ಹೇಳಲು ಕೋರ್ಟು ಕರೆಯುವಾಗ ವರ್ಷಗಳೇ ಕಳೆದಿರಬಹುದು. ಅಲ್ಲಿ ಮಾತು ಬದಲಿಸಿದರೆ ಕೇಸು ಬಿದ್ದುಹೋಗಬಹುದು.