ವಿಡಿಯೊ ಹಾಕಿದ ಮೇಲೂ ಪುಟ ಬೇಗ ತೆರೆಯಬೇಕೆ?

ಅಡುಗೆ ಬ್ಲಾಗು, ಟ್ಯೂಷನ್ ಸೈಟು, ಮದುವೆ ಫೋಟೊಗ್ರಾಫರ್ ಪುಟ, ಎಲ್ಲ ಕಡೆ ಒಂದೇ ಕತೆ. ಯೂಟ್ಯೂಬಿನ ಎಂಬೆಡ್ ಕೋಡನ್ನು (ವಿಡಿಯೊವನ್ನು ನಮ್ಮ ಪುಟದೊಳಗೇ ತೋರಿಸುವ ಕೋಡು) ಒಂದೇ ಪುಟದಲ್ಲಿ ಐದಾರು ಸಲ ಅಂಟಿಸುತ್ತಾರೆ. ಆಮೇಲೆ ಹೋಸ್ಟಿಂಗ್ ಸರಿಯಿಲ್ಲ ಅಂತ ಬೈಯುತ್ತಾರೆ. ಯಾರೂ ಪ್ಲೇ ಒತ್ತದಿದ್ದರೂ ಪ್ಲೇಯರ್ ಇಳಿಯುತ್ತದೆ, ಅದೇ ಅರ್ಧ ಎಂಬಿಗಿಂತ ಜಾಸ್ತಿ.

1. ಕ್ರೋಮ್‌ನ ಡೆವ್‌ಟೂಲ್ಸ್‌ನಲ್ಲಿ (ಪುಟದ ಒಳಗನ್ನು ಪರೀಕ್ಷಿಸುವ ಕಿಟಕಿ) ನೆಟ್‌ವರ್ಕ್ ಟ್ಯಾಬ್ ತೆರೆದು, ವೇಗವನ್ನು 3ಜಿಗೆ ಇಳಿಸಿ, ಪುಟ ರಿಫ್ರೆಶ್ ಮಾಡಿ. ಏನೇನು ಇಳಿಯುತ್ತಿದೆ ಅಂತ ಅಲ್ಲೇ ಕಾಣುತ್ತದೆ.

2. ಪುಟದ ಕೆಳಭಾಗದ ಐಫ್ರೇಮ್‌ಗಳಿಗೆಲ್ಲ (ಪ್ಲೇಯರನ್ನು ಪುಟದೊಳಗೆ ತರುವ ಚೌಕಟ್ಟು) ಲೋಡಿಂಗ್ ಲೇಜಿ (loading=lazy) ಎಂದು ಬರೆಯಿರಿ, ಓದುಗ ಹತ್ತಿರ ಬಂದಾಗ ಮಾತ್ರ ಇಳಿಯುತ್ತವೆ. ಕ್ರೋಮ್ 2019ರಿಂದ, ಫೈರ್‌ಫಾಕ್ಸ್ 2023ರ ಕೊನೆಯಿಂದ ಇದನ್ನು ಪಾಲಿಸುತ್ತವೆ.

3. ಪುಟ ತೆರೆದ ಕೂಡಲೇ ಕಾಣುವ ವಿಡಿಯೊಗೆ ಲೇಜಿಯಿಂದ ಏನೂ ಉಪಯೋಗವಿಲ್ಲ. ಅಲ್ಲಿ ಪ್ಲೇಯರ್ ಬದಲು ಬರೀ ಚಿತ್ರ ಇಡಿ. ಒತ್ತಿದಾಗ ಮಾತ್ರ ಐಫ್ರೇಮ್ ಬರಲಿ. ಜನ ಎಡವುವುದು ಇಲ್ಲೇ.

ಮೊದಲು ಜಾಗ ಕಾಯ್ದಿಡಿ. ಸಿಎಸ್‌ಎಸ್‌ನಲ್ಲಿ (ಪುಟದ ಅಂದ ಅಳತೆ ಹೇಳುವ ಕೋಡು) ಆಸ್ಪೆಕ್ಟ್ ರೇಶಿಯೊ, ಅಂದರೆ ಅಗಲ ಎತ್ತರದ ಪ್ರಮಾಣ, 16/9 ಕೊಡದಿದ್ದರೆ ಚಿತ್ರ ಬಂದಾಗ ಓದುತ್ತಿದ್ದ ಸಾಲು ಕೆಳಗೆ ಹಾರುತ್ತದೆ. ಯೂಟ್ಯೂಬ್ ಪ್ರತಿ ವಿಡಿಯೊಗೆ ಕೊಡುವ ಮುಖಚಿತ್ರಗಳಲ್ಲಿ ಎಚ್‌ಕ್ಯುಡೀಫಾಲ್ಟ್ (hqdefault) 480x360 ಅಳತೆಯದು, ಮೇಲೆ ಕೆಳಗೆ ಕಪ್ಪು ಪಟ್ಟಿ ಇರುತ್ತದೆ. ಸಿಎಸ್‌ಎಸ್‌ನಲ್ಲೇ ಆಬ್ಜೆಕ್ಟ್ ಫಿಟ್ ಕವರ್ (object-fit: cover) ಹಾಕಿದರೆ ಪಟ್ಟಿ ಮಾಯ. ಮ್ಯಾಕ್ಸ್‌ರೆಸ್‌ಡೀಫಾಲ್ಟ್ (maxresdefault) ಚಿತ್ರ ದೊಡ್ಡದು ನಿಜ, ಆದರೆ ಎಲ್ಲ ವಿಡಿಯೊಗೂ ಸಿಗುವುದಿಲ್ಲ. ಪುಟದ ಮೇಲ್ಭಾಗದ ಈ ಚಿತ್ರಕ್ಕೆ ಲೇಜಿ ಹಾಕಬೇಡಿ, ಅದೇ ಮೊದಲು ಕಾಣಬೇಕಾದದ್ದು ಅಲ್ವಾ?

ಚಿತ್ರದ ಮೇಲೆ ನಿಜವಾದ ಬಟನ್ ಇರಲಿ. ಸುಮ್ನೆ ಒಂದು ಡಿವ್‌ಗೆ (ಖಾಲಿ ಡಬ್ಬಿಯಂಥ ಟ್ಯಾಗು) ಕ್ಲಿಕ್ ಕಟ್ಟಿದರೆ ಕೀಬೋರ್ಡ್ ಬಳಸುವವರಿಗೆ ವಿಡಿಯೊ ಸಿಗುವುದೇ ಇಲ್ಲ. ಒತ್ತಿದಾಗ ಬರುವ ಐಫ್ರೇಮ್‌ನ ವಿಳಾಸಕ್ಕೆ ಆಟೊಪ್ಲೇ=1 (autoplay=1) ಸೇರಿಸಿ, ಐಫ್ರೇಮ್‌ಗೆ ಅನುಮತಿ ಕೊಡುವ ಅಲೌ (allow) ಪಟ್ಟಿಯಲ್ಲೂ ಆಟೊಪ್ಲೇ ಬರೆಯಿರಿ. ಇಷ್ಟಾದರೂ ಮೊಬೈಲಿನಲ್ಲಿ, ಅದರಲ್ಲೂ ಐಫೋನಿನಲ್ಲಿ, ಎರಡು ಸಲ ಒತ್ತಬೇಕಾಗಬಹುದು. ಶಬ್ದವಿರುವ ವಿಡಿಯೊ ತಾನಾಗಿ ಓಡಲು ಬ್ರೌಸರ್ ಬಿಡುವುದಿಲ್ಲ. ಅದಕ್ಕೇ ವೆಬ್ ಡೆವಲಪರ್ ಪಾಲ್ ಐರಿಶ್ ಬರೆದ ಲೈಟ್ ಯೂಟ್ಯೂಬ್ ಎಂಬೆಡ್ (lite-youtube-embed) ಎಂಬ ಸಿದ್ಧ ಕೋಡು ಬಳಸಿ ಎನ್ನುತ್ತೇನೆ, ಮೇಲೆ ಹೇಳಿದ ಚಿತ್ರದ ಉಪಾಯವನ್ನೇ ಅದು ಮಾಡುತ್ತದೆ. ಫೋನಿಗೆ ಯೂಟ್ಯೂಬಿನ ಎಪಿಐ (ಪ್ಲೇಯರಿಗೆ ಕೋಡಿನಿಂದ ಆಜ್ಞೆ ಕೊಡುವ ದಾರಿ) ಮೂಲಕ ಪ್ಲೇ ಮಾಡಿಸುವ ಕೆಲಸ ಅದರಲ್ಲೇ ಇದೆ. ಪುಕ್ಕಟೆ, ಪುಟ್ಟದು. ‘ಒಂದೇ ಕ್ಲಿಕ್‌ನಲ್ಲಿ ಸೈಟ್ ಫಾಸ್ಟ್’ ಎನ್ನುವ ಪ್ಲಗಿನ್‌ಗಳ ಸಹವಾಸ ಬೇಡ, ಕೆಲವು ತಮ್ಮದೇ ಸ್ಕ್ರಿಪ್ಟ್ ಭಾರ ಹೊತ್ತು ಬರುತ್ತವೆ.

4. ಸ್ವಂತ ಎಂಪಿ4 ವಿಡಿಯೊ ಇದ್ದರೆ ಅದರ ಟ್ಯಾಗಿಗೆ preload=none (ಒತ್ತುವ ತನಕ ಇಳಿಸಬೇಡ ಅಂತ), ಜೊತೆಗೊಂದು ಪೋಸ್ಟರ್ (poster) ಚಿತ್ರ. ಮುಗೀತು.

5. ಜಿಫ್ ಇದ್ದರೆ ಕಿತ್ತುಹಾಕಿ. ಅದನ್ನೇ ಎಂಪಿ4 ಮಾಡಿ ವಿಡಿಯೊ ಟ್ಯಾಗಿಗೆ ಮ್ಯೂಟೆಡ್ (muted), ಲೂಪ್ (loop), ಆಟೊಪ್ಲೇ, ಪ್ಲೇಸ್‌ಇನ್‌ಲೈನ್ (playsinline) ಹಾಕಿದರೆ ಕಾಣುವುದು ಹಾಗೇ, ಗಾತ್ರ ಮಾತ್ರ ತುಂಬಾ ಕಮ್ಮಿ. ಪ್ಲೇಸ್‌ಇನ್‌ಲೈನ್ ಮರೆತರೆ ಐಫೋನಿನಲ್ಲಿ ಅದು ಪುಟದೊಳಗೆ ಓಡುವುದಿಲ್ಲ.