ಬೋಟು ನಿಂತ ತಿಂಗಳುಗಳಲ್ಲಿ ನಾವು ದೇವರನ್ನು ಏನು ಕೇಳುತ್ತೇವೆ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಡುವ ಕಾಲ, ಹಾಗಾಗಿ ಸರ್ಕಾರದ ನಿಷೇಧ. ನನ್ನ ಗಂಡ ಮಲ್ಪೆ ಬಂದರಿನಿಂದ ಮೀನು ಸಾಗಿಸುವ ಟೆಂಪೋ ಓಡಿಸುತ್ತಾರೆ. ನಾಡದೋಣಿಗೆ ಸಿಕ್ಕ ಮೀನು ಊರಲ್ಲೇ ಖರ್ಚಾಗುತ್ತದೆ, ದೂರದ ಲೋಡ್ ಇಲ್ಲ, ಬಾಡಿಗೆಯೂ ಇಲ್ಲ. ಟೆಂಪೋ ಸಾಲದ ಕಂತಿಗೆ ಮಾತ್ರ ರಜೆ ಇಲ್ಲ ನೋಡಿ. ಮಕ್ಕಳ ಶಾಲೆ ಶುರುವಾಗುವುದೂ ಅದೇ ಹೊತ್ತಿಗೆ.

ಈ ತಿಂಗಳುಗಳಿಗಾಗಿ ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಎಡಗಡೆ ಇವತ್ತು ಬೇಕಾದ್ದು: ಹಾಲು, ಅತ್ತೆಯ ಬಿಪಿ ಮಾತ್ರೆ, ತರಕಾರಿ. ಬಲಗಡೆ ಆಮೇಲೆ ಬೇಕಾದ್ದು: ಕಂತು, ಫೀಸು, ಸೋರುವ ಹಂಚು. ಬೆಳಗಿನ ಕುಟುಂಬ ಪ್ರಾರ್ಥನೆಯಲ್ಲಿ ಎಡಗಡೆಯದನ್ನು ಮಾತ್ರ ಹೆಸರು ಹೇಳಿ ಕೇಳುತ್ತೇವೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲೂ ಈ ಹೊತ್ತಿನ ಆಹಾರವನ್ನೇ ಅಲ್ವಾ ಕೇಳುವುದು? ಬಲಗಡೆಯದನ್ನು ಶನಿವಾರ ರಾತ್ರಿ ಒಮ್ಮೆ ಓದುತ್ತೇವೆ, ಅಷ್ಟೇ. ನನ್ನ ನಿದ್ದೆ ಕೆಡಿಸುತ್ತಿದ್ದದ್ದೆಲ್ಲ ಆ ಬಲಗಡೆಯದೇ ಆಗಿತ್ತು.

ಹಾಗಂತ ಮೊದಲೇ ಏನೂ ಕೂಡಿಡುವುದಿಲ್ಲ ಅಂತಲ್ಲ. ಏಪ್ರಿಲ್, ಮೇ ಬಿಸಿಲಿಗೆ ಒಣಮೀನು, ಹಪ್ಪಳ, ಹುಣಸೆ, ಮೆಣಸು, ಜೊತೆಗೆ ಕುಚ್ಚಲಕ್ಕಿ, ಎಲ್ಲ ಸೇರಿಸಿಡುತ್ತೇನೆ. "ನಂಬಿಕೆ ಇದ್ದವಳಿಗೆ ಒಣಮೀನು ಯಾಕೆ?" ಅಂತ ಪ್ರಾರ್ಥನಾ ಕೂಟದಲ್ಲಿ ಒಬ್ಬರು ತಮಾಷೆ ಮಾಡಿದ್ದರು. ಬೈಬಲಿನ ವಿಮೋಚನಕಾಂಡ 16ನೇ ಅಧ್ಯಾಯ ತೆಗೆದು ನೋಡಿ. ಅರಣ್ಯದಲ್ಲಿ ದೇವರು ದಿನದಿನಕ್ಕೆ ಕೊಟ್ಟ ಮನ್ನ ಅನ್ನುವ ಆಹಾರವನ್ನು ಮರುದಿನಕ್ಕೆ ಉಳಿಸಿಕೊಂಡವರದ್ದು ಹುಳ ಬಿದ್ದು ನಾರಿತು, ನಿಜ. ಆದರೆ ಏಳನೆಯ ದಿನ ಸಿಗುವುದಿಲ್ಲವೆಂದು ಆರನೆಯ ದಿನ ಎರಡರಷ್ಟು ಕೂಡಿಸಿಕೊಳ್ಳಲು ಹೇಳಿದವನೂ ದೇವರೇ, ಅದು ಕೆಡಲಿಲ್ಲ. ಮಳೆಗಾಲ ಬರುತ್ತದೆ ಅಂತ ಗೊತ್ತಿದ್ದೂ ಕೈಕಟ್ಟಿ ಕೂರುವುದು ನನ್ನ ಲೆಕ್ಕದಲ್ಲಿ ನಂಬಿಕೆ ಅಲ್ಲ.

ಕೆಲಸದ ವಿಷಯವೂ ಹಾಗೆಯೇ. ಬೋಟು ನಿಲ್ಲುವ ಹೊತ್ತಿಗೇ ಶಾಲೆಯ ಯೂನಿಫಾರ್ಮ್ ಹೊಲಿಗೆ ಬರುತ್ತದೆ, ಇದನ್ನು ನಾನು ದೇವರ ಏರ್ಪಾಡು ಅಂತಲೇ ತಿಳಿದಿದ್ದೇನೆ. ನಮ್ಮ ಹಿಂದಿನವರು ಕ್ರೈಸ್ತರಾದಾಗ ಎಷ್ಟೋ ಜನರಿಗೆ ಮನೆಯೂ ಹೋಯಿತು, ಕಸುಬೂ ಹೋಯಿತು. ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಬರೀ ಪ್ರಾರ್ಥನೆ ಕಲಿಸಿ ಸುಮ್ಮನಾಗಲಿಲ್ಲ. ನೇಯ್ಗೆ ಶುರುಮಾಡಿದರು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ನನ್ನ ಅಜ್ಜನೂ ಹಂಚಿನ ಕಾರ್ಖಾನೆಯಲ್ಲೇ ದುಡಿದವರು.

ಕಷ್ಟವಾದದ್ದು ಬೇರೆಯದು, ಬಾಯಿಬಿಟ್ಟು ಜನರಿಗೆ ಹೇಳುವುದು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅನಾಥಾಶ್ರಮ ನಡೆಸಿದ ಜಾರ್ಜ್ ಮುಲ್ಲರ್ ಕಥೆಯನ್ನು ಪ್ರಸಂಗಗಳಲ್ಲಿ ತುಂಬಾ ಕೇಳಿದ್ದೇನೆ: ಸಾವಿರಾರು ಅನಾಥ ಮಕ್ಕಳನ್ನು ಸಾಕಿದರೂ ಯಾರ ಹತ್ತಿರವೂ ಹಣ ಕೇಳಲಿಲ್ಲ, ದೇವರಿಗೆ ಮಾತ್ರ ಹೇಳಿದರು. ದೊಡ್ಡ ಮನುಷ್ಯ, ಒಪ್ಪುತ್ತೇನೆ. ಆದರೆ ಅವರೂ ಪ್ರತಿ ವರ್ಷ ವರದಿ ಅಚ್ಚು ಹಾಕಿಸುತ್ತಿದ್ದರು, ಜನ ಓದುತ್ತಿದ್ದರು. ನನಗೆ ಹತ್ತಿರವಾಗುವುದು ಬೈಬಲಿನ ಪ್ರವಾದಿ ಎಲೀಯನ ಕಥೆ. ಬರಗಾಲದಲ್ಲಿ ಅವನು ಒಂದು ಹಳ್ಳದ ಹತ್ತಿರ ಇದ್ದ. ಮೊದಲು ಕಾಗೆಗಳು ರೊಟ್ಟಿ ತಂದವು, ಹಳ್ಳ ಬತ್ತಿತು. ಆಮೇಲೆ ದೇವರು ಅವನನ್ನು ಕಳಿಸಿದ್ದು ಚಾರೆಪ್ತಾ ಅನ್ನುವ ಊರಿನ ಒಬ್ಬ ಬಡ ವಿಧವೆಯ ಹತ್ತಿರ. ಪ್ರವಾದಿಯೇ ಹೋಗಿ ನೀರು ಕೊಡು, ರೊಟ್ಟಿ ಕೊಡು ಅಂತ ಕೇಳಬೇಕಾಯಿತು.

ಒಂದು ವರ್ಷ ಅಂಗಡಿಯವರೊಬ್ಬರು ಯೂನಿಫಾರ್ಮ್ ಹೊಲಿಸಿಕೊಂಡು ದುಡ್ಡು ಕೊಡದೆ ವಾರಗಟ್ಟಲೆ ಸತಾಯಿಸಿದರು. ಆಗ ನಾನು ಚರ್ಚಿನ ಮಹಿಳಾ ಕೂಟದಲ್ಲಿ ಹೇಳಿಬಿಟ್ಟೆ, ತಲೆ ತಗ್ಗಿಸಿಕೊಂಡೇ. ಮರುದಿನ ಒಬ್ಬ ಅಕ್ಕ ಮಗನ ಕೈಯಲ್ಲಿ ಅಕ್ಕಿ ಕಳಿಸಿದರು, ಹೊಲಿಯಲು ಬ್ಲೌಸ್ ಪೀಸೂ ಇತ್ತು. ಬ್ಲೌಸ್ ಪೀಸ್ ಖುಷಿಯಿಂದ ತೆಗೆದುಕೊಂಡೆ. ಅಕ್ಕಿ ತೆಗೆದುಕೊಳ್ಳಲು ಕೈ ಬರಲಿಲ್ಲ. "ಬೆಳಿಗ್ಗೆ ಕೇಳಿದ್ದು ನೀನೇ ಅಲ್ವಾ ಮಗಾ," ಅಂದರು ಅತ್ತೆ, ಚೀಲವನ್ನು ತಾವೇ ಒಳಗೆ ಒಯ್ದರು.

ಕೇಳಿದ್ದೆಲ್ಲ ಸಿಗುತ್ತದೆ ಅಂತ ನಾನು ಹೇಳುವುದಿಲ್ಲ. ಆ ವರ್ಷ ಒಂದು ಕಂತು ತಪ್ಪಿತು, ದಂಡ ಕಟ್ಟಿದೆವು. ನೋಟ್‌ಬುಕ್‌ನಲ್ಲಿ ಅದರ ಮುಂದೆ "ಸಿಗಲಿಲ್ಲ" ಅಂತಲೇ ಬರೆದಿದ್ದೇನೆ, ದೇವರು ಮಾಡಿದ್ದನ್ನು ಕೂಟದಲ್ಲಿ ಸಾಕ್ಷಿಯಾಗಿ ಹೇಳುವಾಗಲೂ ಅದನ್ನು ಬಿಡುವುದಿಲ್ಲ. ಟಿವಿಯಲ್ಲಿ ಕೆಲವರು ಕಾಣಿಕೆ ಕಳಿಸಿ, ಎರಡರಷ್ಟು ವಾಪಸ್ ಬರುತ್ತದೆ ಅನ್ನುತ್ತಾರಲ್ಲ, ಅದು ವ್ಯಾಪಾರ. ನಮ್ಮ ಮನೆಯಲ್ಲಿ ಅಕ್ಕಿ ತೊಳೆಯುವ ಮೊದಲು ಒಂದು ಹಿಡಿ ಚರ್ಚಿಗೆ ತೆಗೆದಿಡುತ್ತೇವೆ. ಜುಲೈಯಲ್ಲಿ ನನ್ನ ಹಿಡಿ ಸ್ವಲ್ಪ ಸಣ್ಣದಾಗುತ್ತದೆ, ಅತ್ತೆಯದು ಆಗುವುದಿಲ್ಲ, ಇದಕ್ಕೆ ನಮ್ಮಿಬ್ಬರಲ್ಲಿ ಸಣ್ಣ ಜಗಳವೂ ಉಂಟು.

ಆಗಸ್ಟ್‌ನಲ್ಲಿ ಬೋಟು ಹೊರಟ ಮೇಲೂ ನೋಟ್‌ಬುಕ್ ನಿಲ್ಲಿಸುವುದಿಲ್ಲ. ನಿಜ ಹೇಳಬೇಕೆಂದರೆ ಆಗಲೇ ಅದು ಜಾಸ್ತಿ ಬೇಕು. ಬಾಡಿಗೆ ಬರತೊಡಗಿದರೆ ಸಾಕು, ಎಡಗಡೆ ಪಟ್ಟಿಗೆ ಮಗನ ಹೊಸ ಶೂ, ನನ್ನ ಮಿಕ್ಸಿ, ಇವರ ಮೊಬೈಲ್ ಎಲ್ಲ ಬಂದು ಸೇರುತ್ತವೆ. ಯಾವುದು ಇವತ್ತಿಗೆ ಬೇಕಾದ್ದು ಅಂತ ಕೂತು ಹೊಡೆದುಹಾಕುವುದು ಇವರ ಕೆಲಸ. ಮೊಬೈಲ್ ಮಾತ್ರ ನಾನೇ ಹೊಡೆದುಹಾಕಬೇಕು.