ಕೆಲ್ಸೋ ಬಂಡೆಗಳ ಮೇಲೆ ಸೈಕಲ್: ಮೊದಲು ಗಾಳಿ ಇಳಿಸಿ

ಟೊರಾಂಟೊ ಸುತ್ತಮುತ್ತ ಇರುವ ನಮ್ಮವರಿಗೆ ನಯಾಗರಾ ಅಂದ್ರೆ ಜಲಪಾತ ಒಂದೇ. ಊರಿಂದ ಯಾರೇ ಬಂದರೂ ಕಾರಿನಲ್ಲಿ ತುಂಬಿಕೊಂಡು ಅಲ್ಲಿಗೇ ಓಟ. ಆದರೆ ನೀರು ಧುಮುಕುವ ಆ ಬಂಡೆಸಾಲು ಅಲ್ಲಿಗೇ ಮುಗಿಯುವುದಿಲ್ಲ. ಉತ್ತರದ ಟೋಬರ್ಮರಿ ಊರಿನವರೆಗೆ ಸುಮಾರು 725 ಕಿಲೋಮೀಟರ್ ಹಬ್ಬಿದೆ. ಅದೇ ನಯಾಗರಾ ಎಸ್ಕಾರ್ಪ್‌ಮೆಂಟ್. ನಾನು ಮೌಂಟನ್ ಬೈಕ್ ಹೊಡೆಯುವುದು ಅದರ ಒಂದು ತುಣುಕಿನಲ್ಲಿ, ಮಿಲ್ಟನ್ ಪಕ್ಕದ ಕೆಲ್ಸೋದಲ್ಲಿ. 401 ಹೆದ್ದಾರಿಯಲ್ಲಿ ಹೋಗುವಾಗ ಕಾಣುವ ಗುಡ್ಡ ಅದು. ಚಳಿಗಾಲದಲ್ಲಿ ಅದರ ಇಳಿಜಾರಿನಲ್ಲಿ ಸ್ಕೀ ಮಾಡುತ್ತಾರೆ.

ಹತ್ತುವ ಕಥೆ ಬಿಡಿ, ಏದುಸಿರು, ಬೆವರು ಅಷ್ಟೇ. ಮಜಾ ಇರುವುದು ಮೇಲೆ, ಕಾಡಿನೊಳಗೆ ಸುತ್ತುವ, ಒಂದೇ ಸೈಕಲ್ ಹಿಡಿಸುವಷ್ಟು ಕಿರಿದಾದ ಸಿಂಗಲ್ ಟ್ರ್ಯಾಕ್‌ಗಳಲ್ಲಿ.

ಅಲ್ಲಿನ ಕಲ್ಲು ಡೋಲೊಸ್ಟೋನ್, ಸುಣ್ಣಕಲ್ಲಿನ ಜಾತಿಯದು. 40 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳವಾಗಿದ್ದದ್ದು. ಅದರ ಕೆಳಗೆ ಶೇಲ್ ಅನ್ನುವ ಮೆತ್ತಗಿನ ಜೇಡಿಕಲ್ಲಿನ ಪದರ. ಶೇಲ್ ಸವೆದಂತೆ ಮೇಲಿನ ಬಂಡೆ ಆಸರೆ ತಪ್ಪಿ ಬಿರುಕು ಬಿಡುತ್ತದೆ. ಬೆಂಗಳೂರಿನ ತುರಹಳ್ಳಿಯಲ್ಲಿ ಓಡಿಸಿದವರಿಗೆ ಅಲ್ಲಿನ ಒರಟು ಬಂಡೆ ಟೈರನ್ನು ಹೇಗೆ ಹಿಡಿಯುತ್ತದೆ ಅಂತ ಗೊತ್ತು. ಡೋಲೊಸ್ಟೋನ್ ಒಣಗಿದ್ದಾಗ ಪರವಾಗಿಲ್ಲ. ನೆಂದರೆ ಪಾಚಿ ಕಟ್ಟಿದ ಬಾವಿಕಟ್ಟೆಯೇ ಸರಿ.

ಹಾಗಾಗಿ ಪಾರ್ಕಿಂಗ್‌ನಲ್ಲಿ ನನ್ನ ಮೊದಲ ಕೆಲಸ ಗಾಳಿ ಇಳಿಸುವುದು. ನನ್ನ ತೂಕ 70 ಕೆಜಿ ಚಿಲ್ಲರೆ, ಟೈರ್ 2.4 ಇಂಚಿನ ಟ್ಯೂಬ್‌ಲೆಸ್. ಗಾಳಿಯ ಒತ್ತಡ ಮುಂದೆ 22, ಹಿಂದೆ 25 ಪಿಎಸ್‌ಐ ಇಡುತ್ತೇನೆ. ರಸ್ತೆ ಸೈಕಲ್‌ನವರಿಗೆ ಇದು ಪಂಕ್ಚರ್ ಆದಂತೆ ಕಾಣಬಹುದು. ಆದರೆ ಗಟ್ಟಿ ಟೈರ್ ಕಲ್ಲಿಂದ ಕಲ್ಲಿಗೆ ಪುಟಿಯುತ್ತದೆ, ಮೆತ್ತಗಿನದು ಅಂಟಿಕೊಂಡು ಹೋಗುತ್ತದೆ. ಟ್ಯೂಬ್ ಇರುವವರು ಮಾತ್ರ ಇಷ್ಟು ಇಳಿಸಬೇಡಿ. ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಟ್ಯೂಬ್ ಹರಿಯುತ್ತದೆ.

ಇನ್ನು ಬಿರುಕುಗಳು. ಅಡ್ಡ ಬಿರುಕಿಗೆ ಹೆದರಬೇಕಿಲ್ಲ, ಚಕ್ರ ದಾಟಿಕೊಂಡು ಹೋಗುತ್ತದೆ. ದಾರಿಯ ಉದ್ದಕ್ಕೇ ಸೀಳಿರುವ ಬಿರುಕು ಅಪಾಯ. ಮುಂದಿನ ಚಕ್ರ ಅದರೊಳಗೆ ಇಳಿದರೆ ಹ್ಯಾಂಡಲ್ ತಿರುಗುವುದೇ ಇಲ್ಲ. ಅದರ ಪಕ್ಕಪಕ್ಕದಲ್ಲೇ ಹೋಗದೆ, ಸ್ವಲ್ಪ ಓರೆಯಾಗಿ ಒಂದೇ ಸಲ ದಾಟಿಬಿಡುತ್ತೇನೆ. ಕಣ್ಣು ಬಿರುಕಿನ ಮೇಲಲ್ಲ, ಅದರಾಚೆಯ ಕಲ್ಲಿನ ಮೇಲೆ. ಕಣ್ಣು ಎಲ್ಲೋ ಚಕ್ರ ಅಲ್ಲೇ, ಅಲ್ವಾ?

ಮೆಟ್ಟಿಲಿನಂಥ ಬಂಡೆ ಎದುರಾದರೆ ಪೆಡಲ್ ನಿಲ್ಲಿಸುವುದಿಲ್ಲ. ಅರ್ಧ ಸುತ್ತು ಜೋರಾಗಿ ತುಳಿದು ಮುಂದಿನ ಚಕ್ರ ಎತ್ತುತ್ತೇನೆ. ಅದು ಮೇಲೆ ಕೂತ ಕೂಡಲೇ ಎದೆಯನ್ನು ಹ್ಯಾಂಡಲ್ ಕಡೆಗೆ ತಂದರೆ ಹಿಂದಿನ ಚಕ್ರ ಹಗುರವಾಗಿ ತಾನೇ ಹತ್ತುತ್ತದೆ. ಇಳಿಯುವಾಗ ಸೀಟು ತಗ್ಗಿಸಿ, ಮೊಣಕೈ ಮೊಣಕಾಲು ಸಡಿಲ ಬಿಟ್ಟು, ಬ್ರೇಕಿಗೆ ಒಂದೇ ಬೆರಳು. ಬಂಡೆಯ ಮೇಲೆ ಜಾಸ್ತಿ ಹಿಡಿದರೆ ಚಕ್ರ ಲಾಕ್ ಆಗಿ ಜಾರುತ್ತದೆ.

ನೋಟ ಬೇಕಾ? ಇಳಿದು ನೋಡಿ. ಓಡಿಸುತ್ತಾ ಸರೋವರದ ಕಡೆ ಕತ್ತು ತಿರುಗಿಸುವುದು ನನಗಂತೂ ಒಪ್ಪಿಗೆಯಿಲ್ಲ. ಬ್ರೂಸ್ ಟ್ರೇಲ್ ನಡೆಯುವವರ ದಾರಿ, ಅದರ ಮೇಲೆ ಸೈಕಲ್ ಹತ್ತಿಸಬಾರದು. ಈ ಎಸ್ಕಾರ್ಪ್‌ಮೆಂಟ್‌ನ ಕಡಿದಾದ ಗೋಡೆಗಳಲ್ಲಿ ಕುಳ್ಳಗೆ, ಸೊಟ್ಟಗೆ ಬೆಳೆದ ಬಿಳಿ ಸೀಡರ್ ಮರಗಳಿವೆ. ಕೆಲವಕ್ಕೆ ಸಾವಿರ ವರ್ಷಕ್ಕೂ ಮೀರಿದ ವಯಸ್ಸು. ಸುಮ್ನೆ ಬೇರಿನ ಮೇಲೆ ಕಾಲಿಟ್ಟು ಸೆಲ್ಫಿ ತೆಗೆಯಬೇಡಿ.

ಮಳೆ ಬಂದ ಮಾರನೇ ದಿನ ನಾನು ಹೋಗುವುದಿಲ್ಲ. ಬಯಲು ಒಣಗಿದರೂ ನೆರಳಿನ ಬಂಡೆ ಒಣಗಿರುವುದಿಲ್ಲ. ಅಕ್ಟೋಬರ್‌ನಲ್ಲಿ ಮೇಪಲ್ ಎಲೆ ಉದುರಿ ಬಿರುಕು ಮುಚ್ಚಿಹೋಗುತ್ತವೆ. ಆಗ ಪಳಗಿದ ದಾರಿಯಲ್ಲಿ ಮಾತ್ರ ಓಡಾಟ.